40% ವಿಸ್ಕಿ, 46% ವಿಸ್ಕಿ ಒಟ್ಟಿಗೆ ಇಟ್ಟು ಹೋಲಿಸೋದು ಹೇಗೆ?

ಪ್ರಶ್ನೆ:
ಜೇಮ್ಸನ್, ಬ್ಲ್ಯಾಕ್ ಬುಷ್, ಟೀಲಿಂಗ್ ಸ್ಮಾಲ್ ಬ್ಯಾಚ್, ರೆಡ್‌ಬ್ರೆಸ್ಟ್ 12 ಈ ನಾಲ್ಕು ಐರಿಶ್ ವಿಸ್ಕಿಗಳನ್ನೂ ಒಂದೇ ಸಲಕ್ಕೆ ರುಚಿ ನೋಡಬೇಕು. ಟೀಲಿಂಗ್‌ನಲ್ಲಿ ಮಾತ್ರ ಆಲ್ಕೋಹಾಲ್ 46%, ಉಳಿದ ಮೂರರಲ್ಲೂ 40%. ಎಷ್ಟೆಷ್ಟು ಸುರಿಯಬೇಕು, ಯಾವುದು ಮೊದಲು? ಕೊಟ್ಟ ದುಡ್ಡಿಗೆ ಯಾವುದು ಮೋಸ ಇಲ್ಲ?

ಉತ್ತರ 1:
ತಲಾ 20 ಮಿ.ಲೀ. ಸಾಕು. ಬಾಯಿ ಕಿರಿದಾದ ಟ್ಯುಲಿಪ್ ಗ್ಲಾಸ್ ತಗೊಳ್ಳಿ, ಸೋಪಿನ ವಾಸನೆ ಉಳಿದಿದ್ದರೆ ಎಲ್ಲಾ ಲೆಕ್ಕವೂ ತಪ್ಪುತ್ತೆ. ಟೀಲಿಂಗ್‌ಗೆ ಸೂಜಿ ಇಲ್ಲದ ಸಿರಿಂಜಿನಲ್ಲಿ 3 ಮಿ.ಲೀ. ನೀರು ಹಾಕಿ, ಅದೂ 40%ಗೆ ಇಳಿಯುತ್ತೆ. ಇಲ್ಲದಿದ್ದರೆ ಘಾಟು ಜಾಸ್ತಿ ಇರೋದೇ ರುಚಿ ಜಾಸ್ತಿ ಅನ್ನಿಸಿಬಿಡುತ್ತೆ. ನೀರು ಬಿದ್ದಾಗ ಸ್ವಲ್ಪ ಮಬ್ಬಾದರೆ ಗಾಬರಿ ಬೇಡ, ಅದನ್ನು ತಣ್ಣಗೆ ಮಾಡಿ ಸೋಸಿರಲ್ಲ, ಅಷ್ಟೇ.

ನೀವು ಬರೆದ ಕ್ರಮವೇ ಸರಿ. ಮೊದಲ ಗುಟುಕಿಗೆ ಅಂಕ ಕೊಡಬೇಡಿ, ಆಗ ನಾಲಿಗೆಗೆ ಗೊತ್ತಾಗೋದು ಆಲ್ಕೋಹಾಲ್ ಒಂದೇ. ಮೂಸುವಾಗ ಬಾಯಿ ತುಸು ತೆರೆದಿರಲಿ. ಇನ್ನೊಂದು ದಿನ ಹಿಂದುಮುಂದಾಗಿ ಕುಡಿದು ನೋಡಿ, ಬೇರೆಯವರು ಸುರಿದು ಕೊಡಲಿ, ಯಾವುದು ಯಾವುದು ಅಂತ ನಿಮಗೆ ಗೊತ್ತಿರಬಾರದು.

ಉತ್ತರ 2:
ಏನು ಹುಡುಕಬೇಕು ಅನ್ನೋದೂ ಮುಖ್ಯ. ರೆಡ್‌ಬ್ರೆಸ್ಟ್ ಸಿಂಗಲ್ ಪಾಟ್ ಸ್ಟಿಲ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಹಂಡೆಯಂಥ ಪಾಟ್ ಸ್ಟಿಲ್‌ನಲ್ಲಿ ಬಟ್ಟಿ ಇಳಿಸಿದ್ದು: ಧಾನ್ಯದಲ್ಲಿ ಮೊಳಕೆ ಬರಿಸಿದ ಬಾರ್ಲಿ, ಬರಿಸದ ಬಾರ್ಲಿ ತಲಾ ಕನಿಷ್ಠ 30% ಇರಲೇಬೇಕು. ಆ ಹಸಿ ಬಾರ್ಲಿಯಿಂದಲೇ ನಾಲಿಗೆಗೆ ಅಂಟುವ ಎಣ್ಣೆಯಂಥ ದಪ್ಪ, ಹಿಂದೆಯೇ ಲವಂಗದಂಥ ಖಾರ. ಜೇಮ್ಸನ್‌ನಲ್ಲೂ ಪಾಟ್ ಸ್ಟಿಲ್ ಇದೆ, ಆದರೆ ಮೆಕ್ಕೆಜೋಳದಂಥ ಧಾನ್ಯದ ಹಗುರ ಗ್ರೇನ್ ವಿಸ್ಕಿ ಬೆರೆಸಿರುತ್ತಾರೆ. ಬ್ಲ್ಯಾಕ್ ಬುಷ್‌ನಲ್ಲಿ ಆ ಖಾರ ಹುಡುಕಬೇಡಿ. ಅದರಲ್ಲಿ ಮಾಲ್ಟ್ (ಬರೀ ಮೊಳಕೆ ಬಾರ್ಲಿಯ ವಿಸ್ಕಿ) ಪಾಲು ಹೆಚ್ಚು, ಒಲೊರೊಸೊ ಶೆರಿ ಅನ್ನೋ ಸ್ಪ್ಯಾನಿಷ್ ವೈನಿನ ಪೀಪಾಯಿಯಿಂದ ಒಣದ್ರಾಕ್ಷಿ ರುಚಿ. ಟೀಲಿಂಗ್‌ನ ಸಿಹಿ ರಮ್ ಪೀಪಾಯಿಯದ್ದು.

ಉತ್ತರ 3:
ದುಡ್ಡಿನ ಲೆಕ್ಕ: ಐರ್ಲೆಂಡ್ ಗಣರಾಜ್ಯದಲ್ಲಿ 2022ರ ಜನವರಿಯಿಂದ ಒಂದು ಗ್ರಾಂ ಆಲ್ಕೋಹಾಲಿಗೆ ಕನಿಷ್ಠ 10 ಸೆಂಟ್ ಬೆಲೆ ಇರಲೇಬೇಕು ಅಂತ ಕಾನೂನು. 40%ನ 700 ಮಿ.ಲೀ. ಬಾಟಲಿ ಸುಮಾರು 22 ಯೂರೋಗಿಂತ ಕಡಿಮೆಗೆ ಮಾರೋ ಹಾಗಿಲ್ಲ. ಹಾಗಾಗಿ ತೀರಾ ಸಾಧಾರಣ ಬಾಟಲಿಗೂ ಅಷ್ಟು ಕೊಡಲೇಬೇಕು, ಅದರ ಮೇಲೆ ಕೊಡೋ ದುಡ್ಡಿಗೆ ಏನು ಬಂತು ಅಂತ ನೋಡಿ. ಉತ್ತರ ಐರ್ಲೆಂಡಿಗೆ ಈ ಕಾನೂನು ಇಲ್ಲ. ಇನ್ನು, 46%ನ 700 ಮಿ.ಲೀ.ಯನ್ನು 40%ಗೆ ಇಳಿಸಿದರೆ 805 ಮಿ.ಲೀ. ಆಗುತ್ತೆ. ಟೀಲಿಂಗ್ ಬೆಲೆ ನೋಡುವಾಗ ಇದನ್ನು ಮರೀಬೇಡಿ. ನನ್ನ ಓಟು ಬ್ಲ್ಯಾಕ್ ಬುಷ್‌ಗೆ. ರೆಡ್‌ಬ್ರೆಸ್ಟ್ ರುಚಿಯಲ್ಲಿ ಮೇಲು, ಅಷ್ಟು ಬೆಲೆ ದಿನಬಳಕೆಗೆ ಹೊರೆ.

ಉತ್ತರ 4:
ನೀರು ಹಾಕೋ ಮುಂಚೆ ಟೀಲಿಂಗ್ ಒಂದು ಗುಟುಕು ಹಾಗೇ ಕುಡೀರಿ. ಅವರು 46% ಇಟ್ಟಿದ್ದೇ ಬಾಯಲ್ಲಿ ಸಿಗೋ ಆ ಮೈಕಟ್ಟಿಗೆ. ಮತ್ತೆ, ತಳ ಕಂಡ ಹಳೇ ಬಾಟಲಿಯನ್ನು ಈಗಷ್ಟೇ ಮುಚ್ಚಳ ತೆರೆದದ್ದರ ಪಕ್ಕ ಇಡಬೇಡಿ, ತಿಂಗಳುಗಟ್ಟಲೆ ಗಾಳಿ ಕುಡಿದದ್ದು ಸಪ್ಪೆ ಹೊಡೆಯುತ್ತೆ.