ಕಾಂಟೆಸ್ಸಾ ಕೊಟ್ಟು ಕೇಮನ್ ತರೋದಾ?

ಜಯನಗರ_ಗ್ಯಾರೇಜ್: ನನ್ನ 1996ರ ಹಿಂದೂಸ್ತಾನ್ ಮೋಟಾರ್ಸ್ ಕಾಂಟೆಸ್ಸಾ 1.8 ಜಿಎಲ್‌ಎಕ್ಸ್ ಕಾರಿನ ರಿಪೇರಿ ಕೆಲಸ ಇಷ್ಟು ವರ್ಷವಾದರೂ ಮುಗಿದಿಲ್ಲ. ಈಗ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು, ಪೋರ್ಷೆ 718 ಕೇಮನ್, ಕಣ್ಣಿಗೆ ಬಿದ್ದಿದೆ. ದುಡ್ಡು ಹೊಂದಿಸಬಲ್ಲೆ. ಆದರೆ ಅಪಾರ್ಟ್‌ಮೆಂಟಿನಲ್ಲಿ ಇರೋದು ಒಂದೇ ಪಾರ್ಕಿಂಗ್. ಕಾಂಟೆಸ್ಸಾ ಮಾರಲಾ?

ಹಿಂಚಕ್ರ: ಖಂಡಿತ ಬೇಡ. ಕಾಂಟೆಸ್ಸಾ ತಯಾರಿ ನಿಂತಿದ್ದು 2002ರಲ್ಲಿ. ಇಸುಜು ಎಂಜಿನ್, ಐದು ಗೇರು, ರಿಯರ್ ವೀಲ್ ಡ್ರೈವ್. ಅಂಥ ಕಾರು ಆಗ ಇಲ್ಲಿ ಎಷ್ಟಿದ್ದವು ಹೇಳಿ? ಕೇಮನ್ ದುಡ್ಡಿದ್ದರೆ ಮುಂದಿನ ವರ್ಷವೂ ಸಿಗುತ್ತದೆ. ಇದು ಒಮ್ಮೆ ಕೈಬಿಟ್ಟರೆ ಮುಗೀತು. ಹಿಂದಿನ ಲೈಟಿಗೆ, ಗಾಜಿನ ಸುತ್ತಲ ರಬ್ಬರ್ ಬೀಡಿಂಗಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿ ಅಂಗಡಿ ಅಲೆದವರಿಗೆ ಈ ಮಾತು ಅರ್ಥವಾಗುತ್ತದೆ.

ಟರ್ಬೊ_ಪ್ರೇಮಿ: ಓಡಿಸೋ ಖುಷಿಯೂ ಮುಖ್ಯ ಅಲ್ವಾ? ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಕಾಂಟೆಸ್ಸಾದಂಥ ಹಳೇ ಕಾರ್ಬ್ಯುರೇಟರ್ ಎಂಜಿನ್ ಹತ್ತರಲ್ಲಿ ಒಂದು ಪಾಲು ಶಕ್ತಿ ಇಲ್ಲೇ ಕಳೆದುಕೊಳ್ಳುತ್ತದೆ. 718ರ ಎರಡು ಲೀಟರ್ ಟರ್ಬೊ ಎಂಜಿನ್ ಗಾಳಿಯನ್ನು ಒತ್ತಿ ಒಳಗೆ ತುಂಬಿಕೊಂಡು ಆ ಕೊರತೆಯನ್ನು ಬಹುಪಾಲು ತುಂಬುತ್ತದೆ. 300 ಎಚ್‌ಪಿ, ಎಂಜಿನ್ ನಿಮ್ಮ ಬೆನ್ನ ಹಿಂದೆಯೇ. ನಂದಿ ಬೆಟ್ಟದ ತಿರುವಲ್ಲಿ ಒಮ್ಮೆ ಓಡಿಸಿ ಬನ್ನಿ, ಆಮೇಲೆ ಮಾತಾಡೋಣ.

ಕೆಎ_05: ಮೊದಲು ಅದರ ನಂಬರ್ ಪ್ಲೇಟ್ ನೋಡಿ. ದೆಹಲಿ ಗಾಡಿ ಅಗ್ಗ ಅಂತ ತಂದರೆ ಕರ್ನಾಟಕದಲ್ಲಿ ಮತ್ತೆ ಲೈಫ್ ಟ್ಯಾಕ್ಸ್ (ಒಮ್ಮೆಗೇ ಕಟ್ಟುವ ರಸ್ತೆ ತೆರಿಗೆ) ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ಶೇ. 18, ಮೇಲೆ ಸೆಸ್. ಹಳೆಯದಕ್ಕೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ಆದರೂ ಲಕ್ಷಗಳ ಲೆಕ್ಕ. ಕೆಎ ನಂಬರಿನದೇ ಹುಡುಕಿ. ಅಂದಹಾಗೆ, ಕಾಂಟೆಸ್ಸಾ ಆರ್‌ಸಿ ರಿನ್ಯೂ ಆಗಿದೆಯಾ? 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ಮಾಡಿಸಲೇಬೇಕು.

ಜಯನಗರ_ಗ್ಯಾರೇಜ್: ಆರ್‌ಸಿ ಸರಿ ಇದೆ. ಚಿಂತೆ ಇರೋದು ತುಕ್ಕಿನದು. ಮೊನ್ನೆ ಡ್ರೈವರ್ ಕಡೆ ಕಾರ್ಪೆಟ್ ಎತ್ತಿ ಸ್ಕ್ರೂಡ್ರೈವರಿನಿಂದ ಒತ್ತಿದೆ. ತಗಡು ಹಪ್ಪಳದ ಹಾಗೆ ಮುರಿಯಿತು. ಕೆಳಗೆ ನೆಲ ಕಾಣಿಸಿತು.

ಹಿಂಚಕ್ರ: ಕೊಳೆತ ಭಾಗ ಕತ್ತರಿಸಿ ಹೊಸ ಶೀಟ್ ವೆಲ್ಡ್ ಮಾಡಿಸಿ. ಅದಕ್ಕೆಲ್ಲ ಯಾಕೆ ಕಾರು ಮಾರಬೇಕು?

ಸ್ಪ್ಯಾನರ್_ಅಕ್ಕ: ನೀವು ಅದನ್ನು ಕೈಯಾರೆ ರಿಪೇರಿ ಮಾಡಿ ಎಷ್ಟು ದಿನವಾಯಿತು? ಅದರ ಮೇಲೆ ಎಲ್ಲ ನಿಂತಿದೆ. ಬಿಚ್ಚಿ ಜೋಡಿಸೋದೇ ನಿಮಗೆ ಇಷ್ಟ ಅಂದರೆ ಕೇಮನ್‌ನಲ್ಲಿ ಬೇಜಾರಾಗುತ್ತದೆ. ಅದರ ಎಂಜಿನ್ ಮೇಲಿಂದ ಕಾಣೋದೇ ಇಲ್ಲ. ಹಿಂದಿನ ಡಿಕ್ಕಿ ತೆಗೆದರೆ ಆಯಿಲ್‌ಗೆ ಒಂದು ಮುಚ್ಚಳ, ಕೂಲಂಟ್‌ಗೆ ಒಂದು, ಅಷ್ಟೇ. ಮಿಕ್ಕಿದ್ದಕ್ಕೆ ಲಿಫ್ಟ್ ಬೇಕು. ಆದರೆ ಈಗ ಓಡಿಸುವ ಆಸೆ ಮಾತ್ರ ಉಳಿದಿದೆ ಅಂದರೆ, ಬೇಸ್‌ಮೆಂಟಿನಲ್ಲಿ ಸುಮ್ನೆ ನಿಂತು ಕೊಳೆಯೋದು ಆ ಕಾರಿಗೂ ಅನ್ಯಾಯ.

ಜಯನಗರ_ಗ್ಯಾರೇಜ್: ನಿಜ ಅಕ್ಕ. ಈಚೆಗೆ ಸ್ಪ್ಯಾನರ್ ಹಿಡಿಯಲು ಮನಸ್ಸೇ ಆಗುತ್ತಿಲ್ಲ. ಭಾನುವಾರ ಬಂದರೆ ಎಲ್ಲಾದರೂ ದೂರ ಓಡಿಸಿಕೊಂಡು ಹೋಗೋಣ ಅನಿಸುತ್ತದೆ. ಫ್ಲೋರ್ ವೆಲ್ಡ್ ಮಾಡಿಸಿ, ಮುಂದಿನ ಕೆಲಸ ಮುಗಿಸುವವರಿಗೇ ಕೊಡುತ್ತೇನೆ. ಕೂಡಿಟ್ಟ ಪಾರ್ಟ್ಸ್ ಎಲ್ಲ ಅವರಿಗೇ.

ಹಿಂಚಕ್ರ: ನನಗಿನ್ನೂ ಒಪ್ಪಿಗೆ ಇಲ್ಲ. ಮಾರೋದೇ ಆದರೆ ಪಾರ್ಟ್ಸ್‌ಗಾಗಿ ಬಿಚ್ಚುವವರಿಗೆ ಮಾತ್ರ ಕೊಡಬೇಡಿ. ವೆಲ್ಡಿಂಗ್‌ಗೆ ಮುಂಚೆ, ಆಮೇಲೆ, ಎರಡೂ ಫೋಟೊ ತೆಗೆದಿಡಿ. ತಿಳಿದವರು ಮೊದಲು ಅದನ್ನೇ ಕೇಳುತ್ತಾರೆ.