ಪ್ರಶ್ನೋತ್ತರ: ‘ಅಪರಿಚಿತ ಟ್ರ್ಯಾಕರ್’ ಎಚ್ಚರಿಕೆ ಬಂದರೆ

(ಅಪಾರ್ಟ್‌ಮೆಂಟ್ ಗುಂಪಿನ ಮಾತುಕತೆ. ಬಿ-204, ಸಿ-110 ಇತ್ಯಾದಿ ಮನೆ ನಂಬರ್; ‘ಮೇಡಂ’ ಅಂದರೆ ಉತ್ತರ ಕೊಡುವ ನೆಟ್‌ವರ್ಕ್ ಇಂಜಿನಿಯರ್. ಏರ್‌ಟ್ಯಾಗ್ ಅಂದರೆ ವಸ್ತು ಎಲ್ಲಿದೆ ಅಂತ ಮಾಲೀಕರಿಗೆ ತಿಳಿಸೋ ಆ್ಯಪಲ್ ಕಂಪನಿಯ ಪುಟ್ಟ ಬಿಲ್ಲೆ.)

ಬಿ-204: ಮೇಡಂ, ಮೂರು ದಿನದಿಂದ ತಂಗಿಯ ಆಂಡ್ರಾಯ್ಡ್ ಫೋನಿಗೆ ‘ಅಪರಿಚಿತ ಏರ್‌ಟ್ಯಾಗ್ ನಿಮ್ಮ ಜೊತೆ ಬರ್ತಿದೆ’ ಅಂತ ಎಚ್ಚರಿಕೆ. ಮ್ಯಾಪಲ್ಲಿ ಅವಳು ಸ್ಕೂಟರಲ್ಲಿ ಬಂದ ದಾರಿಯೇ ಇದೆ. ಬ್ಯಾಗ್ ಸುರಿದು ನೋಡಿದ್ವಿ, ಏನಿಲ್ಲ.

ಸಿ-110: ಫೋನ್ ಹ್ಯಾಕ್ ಆಗಿದೆ. *#21# ಒತ್ತಿ, ಫ್ಲೈಟ್ ಮೋಡಲ್ಲಿ ಇಡಿ. ಫಾರ್ವರ್ಡ್ ಹಾಕಿದೀನಿ.

ನೆಟ್‌ವರ್ಕ್ ಇಂಜಿನಿಯರ್: *#21# ಹೇಳೋದು ಕರೆ ಬೇರೆ ನಂಬರಿಗೆ ಹೋಗ್ತಿದೆಯಾ ಅಂತ ಮಾತ್ರ. ಫ್ಲೈಟ್ ಮೋಡೂ ದಂಡ. ಟ್ಯಾಗಲ್ಲಿ ಜಿಪಿಎಸ್ ಇಲ್ಲ, ಸಿಮ್ ಇಲ್ಲ. ಟ್ರಾಫಿಕ್ ಸಿಗ್ನಲ್ಲಲ್ಲಿ ಪಕ್ಕ ನಿಂತವರ ಐಫೋನ್ ಅದರ ಬ್ಲೂಟೂತ್ ಹಿಡಿದು ಜಾಗ ತಿಳಿಸುತ್ತೆ. ತಂಗಿಯ ಫೋನ್ ಆಫ್ ಮಾಡಿದ್ರೂ ಅದು ನಡೀತಾನೇ ಇರುತ್ತೆ.

ಬಿ-204, ಬ್ಯಾಗ್ ಬಿಡಿ, ಸ್ಕೂಟರ್ ನೋಡಿ. ಸೆಟ್ಟಿಂಗ್ಸ್, ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ, ಅನ್‌ನೋನ್ ಟ್ರ್ಯಾಕರ್ ಅಲರ್ಟ್ಸ್, ಅಲ್ಲಿ ಸ್ಕ್ಯಾನ್ ಒತ್ತಿ. ಶಬ್ದ ಮಾಡಿಸಬಹುದು, ಆದರೆ ಸ್ಪೀಕರ್ ಕಿತ್ತಿಟ್ಟಿರೋದೂ ಉಂಟು. ಸದ್ದಿಲ್ಲ ಅಂದ್ರೆ ಟ್ಯಾಗ್ ಇಲ್ಲ ಅಂತಲ್ಲ. 32 ಮಿಲಿಮೀಟರ್ ಅಗಲ, ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಡಿಕ್ಕಿಯ ತಳ, ಸೀಟಿನ ಅಡಿ, ಮಡ್‌ಗಾರ್ಡ್ ಒಳಮೈ, ನಂಬರ್ ಪ್ಲೇಟ್ ಹಿಂದೆ ಟಾರ್ಚ್ ಹಾಕಿ ಕೈಯಾಡಿಸಿ. ಸಿಕ್ಕರೆ ಇದ್ದ ಜಾಗದಲ್ಲೇ ಫೋಟೋ ತೆಗೆದು, ಬಿಳಿ ಬದಿಯನ್ನು ಎನ್‌ಎಫ್‌ಸಿ (ಹತ್ತಿರ ಹಿಡಿದರೆ ಮಾಹಿತಿ ಓದೋ ಸೌಲಭ್ಯ) ಇರೋ ಫೋನಿನ ಬೆನ್ನಿಗೆ ಹಿಡಿಯಿರಿ. ತೆರೆಯೋ ಪುಟದಲ್ಲಿ ಸೀರಿಯಲ್ ನಂಬರ್, ಮಾಲೀಕರ ಫೋನಿನ ಕೊನೆಯ ನಾಲ್ಕಂಕಿ ಇರುತ್ತೆ. ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

ಎ-307: ಕಲ್ಲಲ್ಲಿ ಜಜ್ಜಿ ಮೋರಿಗೆ ಹಾಕಿ, ಮುಗೀತು!

ನೆಟ್‌ವರ್ಕ್ ಇಂಜಿನಿಯರ್: ಅದೇ ಸಾಕ್ಷಿ. ಜಜ್ಜಬೇಡಿ. ಬ್ಯಾಟರಿ ತೆಗೆದರೂ ಮ್ಯಾಪ್ ನಿಂತು ಇಟ್ಟವನಿಗೆ ಸುಳಿವು ಸಿಗುತ್ತೆ. ಠಾಣೆಯಲ್ಲೇ ತೆಗೆಯಲಿ.

ಡಿ-301: ಆಂಡ್ರಾಯ್ಡಲ್ಲಿ ಎಲ್ಲರಿಗೂ ಬರುತ್ತಾ?

ನೆಟ್‌ವರ್ಕ್ ಇಂಜಿನಿಯರ್: ಆಂಡ್ರಾಯ್ಡ್ 6.0 ಆವೃತ್ತಿಯಿಂದ ಮೇಲೆ.

ಬಿ-118: ಮನೆಯವರೇ ಇಟ್ಟಿರಬಹುದು. ಹೆಣ್ಮಕ್ಕಳ ಸುರಕ್ಷತೆಗೆ ಇಡೋದು ತಪ್ಪಾ?

ಬಿ-204: ಸುರಕ್ಷತೆಗೆ ಆದ್ರೆ ಹೇಳಿ ಇಡ್ಬೇಕಲ್ವಾ? ಕದ್ದು ಯಾಕೆ?

ಬಿ-118: ಎಲ್ಲಾದಕ್ಕೂ ಪೊಲೀಸ್ ಅಂದ್ರೆ ಸಂಸಾರ ಉಳಿಯಲ್ಲ.

ಎ-307: ಸಂಸಾರದ ಮಾತು ಇಲ್ಲಿ ಯಾರು ಕೇಳಿದ್ರು ನಿಮ್ಮನ್ನ?

ನೆಟ್‌ವರ್ಕ್ ಇಂಜಿನಿಯರ್: ಇಬ್ಬರೂ ಸಾಕು ಮಾಡಿ. ಹೆಣ್ಣುಮಗಳನ್ನು ಹಿಂಬಾಲಿಸೋದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅಪರಾಧ.

ಡಿ-301: ಸಿಮ್ ಹಾಕೋ ಜಿಪಿಎಸ್ ಪೆಟ್ಟಿಗೆಯೂ ಈ ಸ್ಕ್ಯಾನಲ್ಲಿ ಸಿಗುತ್ತಾ?

ನೆಟ್‌ವರ್ಕ್ ಇಂಜಿನಿಯರ್: ಇಲ್ಲ. ಅದಕ್ಕೆ ಮೆಕ್ಯಾನಿಕ್ ಬೇಕು. ಬ್ಯಾಟರಿ ಟರ್ಮಿನಲ್ಲಿಗೆ ಕಂಪನಿಯದ್ದಲ್ಲದ ಕೆಂಪು-ಕಪ್ಪು ವೈರ್ ಸೇರಿಸಿದ್ದಾರಾ ನೋಡಿಸಿ.

ಸಿ-110: ಫೋನಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿದ್ರೆ?

ನೆಟ್‌ವರ್ಕ್ ಇಂಜಿನಿಯರ್: ಮೇಲೆ ಬರೆದಿದ್ದು ಓದಿ. ಇನ್ನು ಫಾರ್ವರ್ಡ್ ಹಾಕಬೇಡಿ.

ಬಿ-204: ಸಿಕ್ತು ಮೇಡಂ. ಡಿಕ್ಕಿಯಲ್ಲಿ ಟೂಲ್ ಚೀಲದೊಳಗೆ, ಬಟ್ಟೆ ಸುತ್ತಿ ಇಟ್ಟಿದ್ರು. ಕೊನೆಯ ನಾಲ್ಕಂಕಿ ತಂಗಿಗೆ ಗೊತ್ತಿರೋದೇ.

ನೆಟ್‌ವರ್ಕ್ ಇಂಜಿನಿಯರ್: ಆ ಅಂಕಿ ಇಲ್ಲಿ ಹಾಕಬೇಡಿ, ಆ ನಂಬರಿಗೆ ಫೋನೂ ಮಾಡಬೇಡಿ. ಬಟ್ಟೆಯನ್ನೂ ಸೇರಿಸಿ ಕವರಲ್ಲಿ ಇಟ್ಕೊಂಡು ಈಗಲೇ ಠಾಣೆಗೆ ಹೊರಡಿ. ತಂಗಿಯನ್ನು ಒಬ್ಬಳೇ ಕಳಿಸಬೇಡಿ. ದಾರಿಯಲ್ಲಿ ಯಾರಾದರೂ ಹಿಂದೆ ಬಂದರೆ ನಿಲ್ಲಬೇಡಿ, 112ಕ್ಕೆ ಕರೆ ಮಾಡಿ.