‘ಗಾನ್ ಗರ್ಲ್’ ಓದುಗರಿಗೆ ಮೋಸ ಮಾಡಿತೇ?

ಪ್ರಶ್ನೆ (ಧಾರವಾಡದಿಂದ)

ಕಾದಂಬರಿಯನ್ನು ಓದದವರು, ಸಿನಿಮಾವನ್ನೂ ನೋಡದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಬೇಕು. ಕಥೆಯ ಗುಟ್ಟನ್ನು ಬಿಚ್ಚದೆ ನನ್ನ ಪ್ರಶ್ನೆಯನ್ನು ಕೇಳಲು ಬರುವುದಿಲ್ಲ.

ಗಿಲಿಯನ್ ಫ್ಲಿನ್ ಅವರ ‘ಗಾನ್ ಗರ್ಲ್’ 2012ರಲ್ಲಿ ಬಂದ ಪುಸ್ತಕ. ನಾನು ಓದಿದ್ದು ಕಳೆದ ತಿಂಗಳು, ಅದೂ ಬಹುಪಾಲು ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿಬರುವ ಚಿಗರಿ ಬಸ್ಸಿನಲ್ಲಿ. ಉಣಕಲ್ ಕೆರೆ ದಾಟುವ ಹೊತ್ತಿಗೆ ಎರಡನೆಯ ಭಾಗದ ಮೊದಲ ಪುಟ ತೆರೆದಿದ್ದೆ; ವಿದ್ಯಾನಗರದಲ್ಲಿ ಇಳಿಯಬೇಕಾದವಳು ಹೊಸೂರಿನಲ್ಲಿ ಇಳಿದು ಹಿಂದಕ್ಕೆ ಬರಬೇಕಾಯಿತು.

ಐದನೆಯ ವಿವಾಹ ವಾರ್ಷಿಕೋತ್ಸವದ ಬೆಳಿಗ್ಗೆ ಎಮಿ ಎಂಬ ಹೆಂಡತಿ ಕಾಣೆಯಾಗುತ್ತಾಳೆ, ಎಲ್ಲರ ಕಣ್ಣೂ ಗಂಡ ನಿಕ್‌ನ ಮೇಲೆ ಬೀಳುತ್ತದೆ. ಒಂದು ಅಧ್ಯಾಯ ನಿಕ್ ಹೇಳುವ ಇಂದಿನ ಕಥೆ, ಮರು ಅಧ್ಯಾಯ ಎಮಿಯ ಹಳೆಯ ಡೈರಿ. ನ್ಯೂಯಾರ್ಕ್‌ನಲ್ಲಿ ಇಬ್ಬರೂ ಕೆಲಸ ಕಳೆದುಕೊಂಡದ್ದು, ಮಿಸೌರಿಯ ಅವನ ಊರಿಗೆ ಬಂದು ನೆಲೆಸಿದ್ದು, ಅವನ ಪ್ರೀತಿ ಆರುತ್ತ ಬಂದು ಕೊನೆಗೆ ಅವಳಿಗೆ ಅವನೆಂದರೆ ಭಯವಾಗತೊಡಗಿದ್ದು, ಎಲ್ಲವನ್ನೂ ಓದುತ್ತ ನಾನು ಆಕೆಗಾಗಿ ನಿಜಕ್ಕೂ ಕಣ್ಣೀರು ಹಾಕಿದ್ದೆ. ಅರ್ಧ ಪುಸ್ತಕ ಮುಗಿದ ಮೇಲೆ, ಆಕೆ ಬದುಕಿದ್ದಾಳೆ, ಗಂಡನನ್ನು ಕೊಲೆಗಾರನೆಂದು ಸಿಕ್ಕಿಸಲೆಂದೇ ಆ ಡೈರಿಯನ್ನು ಕಟ್ಟಿದ್ದಾಳೆ ಎಂದು ತಿಳಿದಾಗ, ಯಾರಿಗಾಗಿ ಅತ್ತಿದ್ದೆನೋ ಅವಳು ಕಥೆಯೊಳಗೂ ಇರಲಿಲ್ಲವಲ್ಲ ಎಂದು ಮೈ ಉರಿಯಿತು.

ಇದು ಕೌಶಲವೋ, ಓದುಗರನ್ನು ನಂಬಿಸಿ ಕುತ್ತಿಗೆ ಕೊಯ್ದದ್ದೋ? ಇನ್ನೊಂದು ತಕರಾರು ಮನೆಯೊಳಗಿನದು. ನಮ್ಮ ಮನೆಯವರು ನನ್ನ ನಂತರ ಇದನ್ನು ಓದಿ, ಹೆಂಡತಿಯೇ ರಾಕ್ಷಸಿ, ಆ ಹುಡುಗ ಪಾಪದವನು ಎಂದು ತೀರ್ಪು ಕೊಟ್ಟುಬಿಟ್ಟಿದ್ದಾರೆ. ಈಗ ನಾನು ಹಾಲಿನ ಲೆಕ್ಕ ಬರೆಯಲು ಕುಳಿತರೂ ಬಗ್ಗಿ ನೋಡಿ, “ಡೈರಿಯೇನು?” ಎಂದು ಕೇಳುತ್ತಾರೆ. ನಿಕ್ ಅಷ್ಟೊಂದು ಪಾಪದವನೇ?

ಉತ್ತರ 1 (ಧಾರವಾಡದಿಂದ, ಕಾಲೇಜಿನಲ್ಲಿ ಸಾಹಿತ್ಯ ಕಲಿಸುವವನು)

ಮೋಸವಲ್ಲ ಎಂದು ನನ್ನ ಅಭಿಪ್ರಾಯ. ತಿರುವು ನ್ಯಾಯವಾದದ್ದೋ ಅಲ್ಲವೋ ಎಂಬುದು ಗೊತ್ತಾಗುವುದು ಎರಡನೆಯ ಓದಿನಲ್ಲಿ. ಮೊದಲ ಓದಿನಲ್ಲಿ ಕಣ್ಣಿಗೆ ಬೀಳದ ಗುರುತುಗಳು ಆಗ ಬೀಳಬೇಕು. ಬೀಳದಿದ್ದರೆ ಲೇಖಕರು ಕೈಚಳಕ ಮಾಡಿದ್ದಾರೆ ಎಂದೇ ಲೆಕ್ಕ. ಎಮಿಯ ಡೈರಿಯನ್ನು ಮತ್ತೆ ತೆರೆದು ನೋಡಿ. ತನಗಾಗಿ ಬರೆದುಕೊಳ್ಳುವ ಹೆಂಗಸು ಅಷ್ಟೊಂದು ಅಚ್ಚುಕಟ್ಟಾಗಿ, ಅಷ್ಟೊಂದು ಮುದ್ದಾಗಿ, ಯಾರೋ ಓದುತ್ತಿದ್ದಾರೆ ಎಂಬಂತೆ ಬರೆಯುವುದಿಲ್ಲ. ಓದುವವರು ಮೆಚ್ಚುವಂಥ ಎಮಿಯನ್ನು ತಾನು ಬೇಕೆಂದೇ ಸೃಷ್ಟಿಸಿದೆ ಎಂದು ಆಕೆಯೇ ಮುಂದೆ ಒಪ್ಪಿಕೊಳ್ಳುತ್ತಾಳೆ. ತಂದೆತಾಯಿಗಳು ಮಗಳನ್ನೇ ನಾಯಕಿಯಾಗಿಸಿ ಮಕ್ಕಳ ಪುಸ್ತಕಗಳ ಸರಣಿ ಬರೆದು ಹಣ ಮಾಡಿದವರು. ಪುಸ್ತಕದ ಹುಡುಗಿಯ ಎದುರು ಸದಾ ಸೋಲುತ್ತ ಬೆಳೆದವಳು ತನ್ನದೇ ಇನ್ನೊಂದು ಪ್ರತಿಯನ್ನು ಬರೆದುಕೊಂಡರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ನಿಕ್‌ನ ವಿಷಯಕ್ಕೆ ಬಂದರೆ, ನಿಮ್ಮ ಯಜಮಾನರು ಸ್ವಲ್ಪ ಅವಸರ ಮಾಡಿದ್ದಾರೆ. ಪೊಲೀಸರಿಗೆ ಹೇಳಿದ ಸುಳ್ಳುಗಳನ್ನು ಅವನೇ ಎಣಿಸುತ್ತಾನೆ. ಐದನೆಯದನ್ನು ಹೇಳಿಯೂ ಇದಿನ್ನೂ ಆರಂಭ ಎಂಬ ಧಾಟಿ ಅವನದು. ತಾನು ಪಾಠ ಹೇಳುವ ಹುಡುಗಿಯೊಂದಿಗಿನ ಸಂಬಂಧವನ್ನು ಪೊಲೀಸರಿಂದ ಮಾತ್ರವಲ್ಲ, ನಮ್ಮಿಂದಲೂ ಎಷ್ಟೋ ಅಧ್ಯಾಯಗಳವರೆಗೆ ಮುಚ್ಚಿಡುತ್ತಾನೆ. ಪ್ರತಿ ವಾರ್ಷಿಕೋತ್ಸವಕ್ಕೂ ಎಮಿ ಒಗಟಿನ ಚೀಟಿಗಳನ್ನು ಬಚ್ಚಿಟ್ಟು ನಿಧಿ ಹುಡುಕುವ ಆಟ ಆಡಿಸುತ್ತಾಳೆ, ಅವನಿಗೆ ಬಹುಪಾಲು ಚೀಟಿಗಳಿಗೆ ಉತ್ತರ ಹೊಳೆಯುವುದೇ ಇಲ್ಲ. ಈ ವರ್ಷದ ಚೀಟಿಗಳಿಗೆ ಮಾತ್ರ ಥಟ್ಟನೆ ಉತ್ತರ ಹೊಳೆಯುತ್ತದೆ, ಯಾಕೆಂದರೆ ಅವು ತೋರಿಸುವ ಜಾಗಗಳಿಗೆ ಅವನು ಆ ಹುಡುಗಿಯೊಂದಿಗೆ ಹೋಗಿರುತ್ತಾನೆ. ಇಡೀ ಮದುವೆ ಆ ಚೀಟಿಗಳಲ್ಲಿದೆ. ನನಗೆ ಸಪ್ಪೆಯೆನಿಸಿದ್ದು ಎಮಿಯ ಹಳೆಯ ಪ್ರಿಯಕರನ ಸರೋವರದ ಬಂಗಲೆಯ ಭಾಗ. ಅಲ್ಲಿ ಕಥೆ ಪಾತ್ರಗಳನ್ನು ಬಿಟ್ಟು ತನ್ನ ಅನುಕೂಲ ನೋಡಿಕೊಳ್ಳುತ್ತದೆ.

ಉತ್ತರ 2 (ಹುಬ್ಬಳ್ಳಿಯಿಂದ, ವಕೀಲೆ)

ಸಾಹಿತ್ಯದ ವಿಚಾರವನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನನ್ನ ಆಕ್ಷೇಪ ಪುಸ್ತಕದ ಮೇಲಲ್ಲ, ಅದನ್ನು ಓದಿ ಎದ್ದವರ ಮೇಲೆ. “ನೋಡಿ ಮೇಡಂ, ಹೆಂಗಸರು ಹೀಗೂ ಮಾಡುತ್ತಾರೆ” ಎಂದು ಈ ಕಥೆಯನ್ನು ನನ್ನ ಮುಂದೆ ಸಾಕ್ಷಿಯಂತೆ ಇಟ್ಟವರು ಒಬ್ಬಿಬ್ಬರಲ್ಲ.

ಡೈರಿ ಒಂದರಿಂದಲೇ ಕೆಲಸ ನಡೆಯುವುದಿಲ್ಲ ಎಂಬುದು ಎಮಿಗೂ ಗೊತ್ತಿದೆ. ಅದಕ್ಕೇ ಅಡುಗೆಮನೆಯ ನೆಲದಲ್ಲಿ ತನ್ನ ರಕ್ತ ಚೆಲ್ಲಿ ಅರೆಬರೆ ಒರೆಸುತ್ತಾಳೆ, ಗಂಡನ ಹೆಸರಿನ ಕ್ರೆಡಿಟ್ ಕಾರ್ಡುಗಳಲ್ಲಿ ಸಾಮಾನು ಕೊಂಡು ತುಂಬಿಸುತ್ತಾಳೆ, ತನ್ನ ಜೀವವಿಮೆಯ ಮೊತ್ತ ಏರುವಂತೆ ನೋಡಿಕೊಳ್ಳುತ್ತಾಳೆ. (ಇಷ್ಟು ಚೊಕ್ಕಟವಾಗಿ ಕಡತ ಜೋಡಿಸುವ ಕಕ್ಷಿದಾರರು ನನಗೆ ಈವರೆಗೆ ಒಬ್ಬರೂ ಸಿಕ್ಕಿಲ್ಲ.) ನಿಜವಾಗಿ ನೊಂದವರ ಬಳಿ ಇರುವ ದಾಖಲೆ ಬೇರೆಯೇ ಬಗೆಯದು. ಒಬ್ಬರು ನನ್ನ ಬಳಿ ತಂದದ್ದು ಎರಡು ನೂರು ಪುಟದ ನೋಟುಬುಕ್ಕು. ಸಂತೆಯ ಖರ್ಚನ್ನು ಆಕೆ ಬರೆಯಬೇಕು, ರಾತ್ರಿ ಗಂಡ ಕೆಂಪು ಪೆನ್ನಿನಿಂದ ತಿದ್ದಬೇಕು. ಕೊತ್ತಂಬರಿಯ ಎದುರು ಪ್ರಶ್ನಾರ್ಥಕ ಚಿಹ್ನೆ, ತವರಿಗೆ ಹೋಗುವ ಬಸ್ಸಿನ ಚಾರ್ಜಿನ ಎದುರು ಎರಡು. ಹೊಡೆತದ ಗುರುತು ಒಂದೂ ಇರಲಿಲ್ಲ. “ಮಾತಿನೊಳಗ ನನ್ನ ಹುಚ್ಚಿ ಮಾಡಿಟ್ಟಾರ್ರೀ” ಎಂದರೇ ಹೊರತು ಅದನ್ನು ಹಿಂಸೆ ಎಂದು ಕರೆಯಬಹುದು ಎಂಬುದೇ ಆಕೆಗೆ ತಿಳಿದಿರಲಿಲ್ಲ.

ಕರೆಯಬಹುದು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 3ನೆಯ ಕಲಮು ದೈಹಿಕ ಮತ್ತು ಲೈಂಗಿಕ ಹಿಂಸೆಯ ಜೊತೆಗೆ ಮಾತಿನ, ಭಾವನಾತ್ಮಕ ಹಾಗೂ ಆರ್ಥಿಕ ಹಿಂಸೆಯನ್ನೂ ಹೆಸರಿಸುತ್ತದೆ. ಈ ಸಾಲುಗಳನ್ನು ಓದುತ್ತಿರುವ ಯಾರಿಗಾದರೂ ಆ ಕೆಂಪು ಪೆನ್ನಿನ ಪರಿಚಯವಿದ್ದರೆ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಉತ್ತರ 3 (ಗದಗದಿಂದ, ನಿವೃತ್ತ ಶಿಕ್ಷಕ)

ವಕೀಲರ ಮಾತು ಓದಿ ತ್ರಿವೇಣಿಯವರ ‘ಶರಪಂಜರ’ ನೆನಪಾಯಿತು. ಮಾನಸಿಕ ಕಾಯಿಲೆ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಗಂಡನೂ ನೆರೆಹೊರೆಯವರೂ ಹುಚ್ಚಿಯೆಂಬ ಕಣ್ಣಿನಿಂದಲೇ ನೋಡುತ್ತಾರೆ. ಆಕೆ ಏನು ಹೇಳಿದರೂ, ನಕ್ಕರೂ, ಸಿಟ್ಟಾದರೂ ಅದು ಕಾಯಿಲೆಯ ಲೆಕ್ಕಕ್ಕೇ ಹೋಗುತ್ತದೆ. ಕಾವೇರಿಯ ನಿಜವನ್ನು ಯಾರೂ ನಂಬುವುದಿಲ್ಲ, ಎಮಿಯ ಸುಳ್ಳನ್ನು ಎಲ್ಲರೂ ನಂಬುತ್ತಾರೆ. ಎರಡನ್ನೂ ಒಬ್ಬರೇ ಬೆನ್ನುಬೆನ್ನಿಗೆ ಓದಿದರೆ, ಹೆಂಡತಿಯ ಮಾತಿಗೆ ಬೆಲೆ ಬರುವುದು ಅದು ನಿಜವೋ ಸುಳ್ಳೋ ಎಂಬುದರಿಂದಲ್ಲ, ಕೇಳುವವರ ಮನಸ್ಸಿನಲ್ಲಿ ಮೊದಲೇ ಬರೆದಿಟ್ಟ ಕಥೆಗೆ ಅದು ಹೊಂದುತ್ತದೆಯೋ ಇಲ್ಲವೋ ಎಂಬುದರಿಂದ ಎಂದು ಅನಿಸದೆ ಇರದು. ಎಮಿ ಜಾಣೆಯಾದದ್ದು ಆ ಕಥೆ ಯಾವುದೆಂದು ತಿಳಿದುಕೊಂಡು ಅದನ್ನೇ ಬರೆದುಕೊಟ್ಟದ್ದರಲ್ಲಿ.

‘ಹುಚ್ಚಿ ಮಾಡಿಡುವುದು’ ಎಂಬುದಕ್ಕೆ ಇಂಗ್ಲಿಷಿನವರು ಈಗ ಬಳಸುವ ‘ಗ್ಯಾಸ್‌ಲೈಟಿಂಗ್’ ಎಂಬ ಪದ ಹುಟ್ಟಿದ್ದು ಪ್ಯಾಟ್ರಿಕ್ ಹ್ಯಾಮಿಲ್ಟನ್ ಅವರ 1938ರ ನಾಟಕದಿಂದ. ಗಂಡ ಮೇಲಿನ ಅಂತಸ್ತಿನಲ್ಲಿ ಕದ್ದು ದೀಪ ಹಚ್ಚಿದಾಗ ಕೆಳಗಿನ ಗ್ಯಾಸ್ ದೀಪ ಮಂಕಾಗುತ್ತದೆ. ಹೆಂಡತಿ ಅದನ್ನು ಕಣ್ಣಾರೆ ಕಾಣುತ್ತಾಳೆ, ಆದರೆ ನಿನಗೆ ಬುದ್ಧಿ ಸ್ಥಿಮಿತವಿಲ್ಲ ಎಂದು ಅವನು ದಿನವೂ ನಂಬಿಸಿರುವುದರಿಂದ ತನ್ನ ಕಣ್ಣನ್ನೇ ಸಂಶಯಿಸುತ್ತಾಳೆ. ಅಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಬಂದು ಆಕೆ ಕಂಡದ್ದು ನಿಜವೆಂದು ಹೇಳುತ್ತಾನೆ. ‘ಗಾನ್ ಗರ್ಲ್’ನಲ್ಲಿ ಹಾಗೆ ಹೇಳಿ ಬಿಡಿಸುವವರು ಕೊನೆಗೂ ಬರುವುದಿಲ್ಲ, ನನ್ನನ್ನು ಹೆದರಿಸಿದ್ದು ನಡುವಿನ ತಿರುವಲ್ಲ, ಅದು.

ಪ್ರಶ್ನೆ ಕೇಳಿದವರು (ಧಾರವಾಡದಿಂದ)

ಎಲ್ಲರಿಗೂ ಧನ್ಯವಾದಗಳು. ಶಿಕ್ಷಕರ ಮಾತಿನ ಮೇಲೆ ಕೊನೆಯ ಭಾಗವನ್ನು ನಿನ್ನೆ ಮತ್ತೆ ಓದಿದೆ. ಎಮಿ ರಕ್ತಸಿಕ್ತಳಾಗಿ ಮನೆಗೆ ಮರಳಿದ ಮೇಲೆ, ನಡೆದದ್ದನ್ನೆಲ್ಲ ನಿಕ್ ಗುಟ್ಟಾಗಿ ಬರೆದಿಟ್ಟುಕೊಳ್ಳುತ್ತಾನೆ. ಆಕೆ ತಾನು ಬಸುರಿ ಎಂದು ಹೇಳಿದಾಗ ಆ ಬರಹವನ್ನು ತನ್ನ ಕೈಯಿಂದಲೇ ಅಳಿಸಿಹಾಕುತ್ತಾನೆ. ಮೊದಲ ಸಲ ನಾನು ಆ ಪುಟಗಳನ್ನು, ಇನ್ನೇನು ಮುಗಿಯಿತು ಎಂಬ ಅವಸರದಲ್ಲಿ ಹಾರಿಸಿಕೊಂಡು ಹೋಗಿದ್ದೆ. ಈ ಸಲ ಅಲ್ಲಿಯೇ ತಡೆದು ನಿಂತೆ: ಅವಳ ಸುಳ್ಳು ಡೈರಿ ಉಳಿಯುತ್ತದೆ, ಅವನ ನಿಜವಾದದ್ದು ಹೋಗುತ್ತದೆ. ಡೈರಿಯ ಎಮಿಗಾಗಿ ಹಾಕಿದ ಕಣ್ಣೀರನ್ನು ಈಗ ವಾಪಸು ಕೇಳುವುದಿಲ್ಲ.

ಈ ಉತ್ತರಗಳನ್ನು ನಮ್ಮ ಮನೆಯವರಿಗೂ ಓದಲು ಕೊಟ್ಟೆ. ನಿಕ್ ಪಾಪದವನೆಂಬ ಮಾತನ್ನು ಅರ್ಧ ಹಿಂದಕ್ಕೆ ತೆಗೆದುಕೊಂಡರು, ಆ ಕೆಂಪು ಪೆನ್ನಿನ ಸಂಗತಿ ಓದಿ ತುಸು ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಹಾಲಿನ ಲೆಕ್ಕವನ್ನು ಇನ್ನು ತಾವೇ ಬರೆಯುವುದಾಗಿ ಹೇಳಿ ಪುಸ್ತಕ ತೆಗೆದುಕೊಂಡಿದ್ದಾರೆ. ಈ ವಾರ ಎರಡು ಲೀಟರ್ ಹೆಚ್ಚಿಗೆ ಬರೆದಿದ್ದಾರೆ. ತೋರಿಸಿದರೆ, ಅಷ್ಟು ಹಾಲು ತೆಗೆದುಕೊಂಡದ್ದು ನಿನಗೇ ನೆನಪಿಲ್ಲ ಎನ್ನುತ್ತಾರೆ.